ಮಗ ‘ಕಾಳು’ಗೆ ‘ಕಾಲು’ ಅಂತಾನೆ, ಥೆರಪಿ ಬೇಕಾ?

ಸೇಡಂ ಹುಡುಗಿ, ಡಲ್ಲಾಸ್:
ಎಲ್ಲರಿಗೂ ನಮಸ್ಕಾರ. ಮಗನಿಗೆ ನಾಲ್ಕು ವರ್ಷ. ‘ಳ’ ಬರಲ್ಲ, ಹೆಸರುಕಾಳು ಅವನ ಬಾಯಲ್ಲಿ ಹೆಸರುಕಾಲು. ‘ಕೊಟ್ಟೆ’ ಬದಲು ‘ಕೊಡಿದೆ’ ಅಂತಾನೆ. ಫೋನಲ್ಲಿ ಅವನಜ್ಜಿ ಬೇಜಾರು ಮಾಡಿಕೊಳ್ಳುತ್ತಾರೆ. ಎರಡು ಭಾಷೆ ಸೇರಿ ಗೊಂದಲ ಆಯ್ತಾ?

ಚಿತ್ತಾಪುರದ ಕಾಕಾ, ನ್ಯೂಜೆರ್ಸಿ:
ತಂಗಿ, ಮೊದಲು ಮನೆಯಲ್ಲಿ ಇಂಗ್ಲಿಷ್ ಬಂದ್ ಮಾಡು. ನಿಮ್ಮ ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಆಗಿತ್ತು. ಅಲ್ಲಿಯ ಮೊಮ್ಮಗ ‘ಳ’ ಬಿಡಬಾರದು. ರಜೆಗೆ ಊರಿಗೆ ಕಳಿಸು. ನನ್ನ ಇಬ್ಬರು ಮಕ್ಕಳೂ ಹಾಗೇ ಕಲಿತರು, ಇವತ್ತು ಅಚ್ಚ ಕಲಬುರಗಿ ಕನ್ನಡ ಮಾತಾಡುತ್ತಾರೆ.

ಬೀದರ್ ಅಕ್ಕ, ಲಂಡನ್:
ಕಾಕಾ, ಬೀದರಿನ ಓಣಿಯಲ್ಲಿ ಮಕ್ಕಳು ಕನ್ನಡ, ಉರ್ದು, ಮರಾಠಿ ಮೂರೂ ಕೇಳಿಯೇ ಬೆಳೆಯುತ್ತಾರೆ. ಯಾರಿಗೂ ಗೊಂದಲ ಆಗಿಲ್ಲ.

ತಂಗಿ, ನಾನು ಭಾಷಾವಿಜ್ಞಾನ ಓದಿದವಳು. ಲ, ಳ ಬದಲಾದರೆ ಅರ್ಥವೇ ಬದಲಾಗುತ್ತೆ, ಹುಲಿ-ಹುಳಿ ನೋಡು. ಅಂಥ ಸದ್ದನ್ನು ಧ್ವನಿಮಾ ಅಂತೀವಿ. ಇಂಗ್ಲಿಷಿನಲ್ಲಿ ಈ ಭೇದ ಇಲ್ಲ. 1984ರಲ್ಲಿ ಜಾನೆಟ್ ವರ್ಕರ್, ರಿಚರ್ಡ್ ಟೀಸ್ ಎಂಬ ಸಂಶೋಧಕರು ಹಿಂದಿಯ ತ-ಟ ಥರದ ಸದ್ದುಗಳನ್ನು ಇಂಗ್ಲಿಷ್ ಮನೆಯ ಕೂಸುಗಳಿಗೆ ಕೇಳಿಸಿದರು. 6-8 ತಿಂಗಳ ಕೂಸುಗಳು ಭೇದ ಗುರುತಿಸಿದವು. 10-12 ತಿಂಗಳ ಹೊತ್ತಿಗೆ ಬಹುಪಾಲು ಕೂಸುಗಳಿಗೆ ಆಗಲಿಲ್ಲ. ನಿನ್ನ ಮಗ ಹುಟ್ಟಿದಾಗಿಂದ ಕನ್ನಡ ಕೇಳಿದ್ದಾನೆ ಅಲ್ವಾ? ಹಾಗಾಗಿ ಅವನ ಕಿವಿಗೆ ಲ-ಳ ಭೇದ ಉಳಿದಿರಬಹುದು. ‘ಕಾಲು ತೋರಿಸು’, ‘ಕಾಳು ತೋರಿಸು’ ಅಂತ ಬೇರೆ ಬೇರೆ ಹೊತ್ತಲ್ಲಿ ಕೇಳಿ ನೋಡು. ಸರಿಯಾಗಿ ತೋರಿಸಿದರೆ ಕಿವಿಗೆ ಭೇದ ಗೊತ್ತು, ನಾಲಿಗೆ ಇನ್ನೂ ಕಲಿಯುತ್ತಿದೆ. ತೋರಿಸದಿದ್ದರೆ, ಅಥವಾ ಮನೆಯವರಿಗೇ ಅವನ ಮಾತು ತಿಳಿಯದಿದ್ದರೆ, ಕಿವಿ ಪರೀಕ್ಷೆ ಮಾಡಿಸು. ಥೆರಪಿಸ್ಟ್ ಹತ್ತಿರ ಹೋದರೆ ಮನೆಮಾತು ಕನ್ನಡ ಅಂತ ಮೊದಲೇ ಹೇಳು.

‘ಕೊಡಿದೆ’ ಕೇಳಿ ನನಗೆ ಖುಷಿಯೇ ಆಯ್ತು. ‘ಮಾಡಿದೆ’ಯಲ್ಲಿ ‘ಮಾಡು’ ಕೆಲಸ, ‘ಇದ’ ಆಗಿಹೋದ ಕಾಲ, ಕೊನೆಯ ‘ಎ’ ಅಂದ್ರೆ ನಾನು. ಅರ್ಥವಿರುವ ಇಂಥ ಚಿಕ್ಕ ತುಂಡೇ ಆಕೃತಿಮಾ. ಯಾರೂ ಹೇಳಿಕೊಡದೆ ಆ ತುಂಡುಗಳನ್ನು ಬಿಡಿಸಿ ‘ಕೊಡು’ಗೆ ಜೋಡಿಸಿದ್ದಾನೆ! ತಿದ್ದಬೇಡ. ‘ಹೌದಾ, ಕೊಟ್ಟೆಯಾ?’ ಅಂತ ಸರಿಯಾಗಿ ಹೇಳಿ ಮಾತು ಮುಂದುವರಿಸು.

ಯಾದಗಿರಿ ಅಣ್ಣ, ದುಬೈ:
ನಮ್ಮ ಮಗಳು ‘ಮನ್ಯಾಗ’ ಅಂದ್ರೆ ಇಲ್ಲಿಯ ಕನ್ನಡ ತರಗತಿಯಲ್ಲಿ ‘ಮನೆಯಲ್ಲಿ’ ಅಂತ ತಿದ್ದುತ್ತಾರೆ. ನಮ್ಮಜ್ಜಿ ಮಾತು ತಪ್ಪಾ?

ಬೀದರ್ ಅಕ್ಕ:
ತಪ್ಪಲ್ಲ ಅಣ್ಣಾ. ‘ಮನ್ಯಾಗ’ದ ಕೊನೆಯ ‘ಆಗ’, ‘ಮನೆಯಲ್ಲಿ’ಯ ಕೊನೆಯ ‘ಅಲ್ಲಿ’ ಎರಡರ ಕೆಲಸವೂ ಒಂದೇ. ಎರಡೂ ಇರಲಿ.

ಚಿತ್ತಾಪುರದ ಕಾಕಾ:
ಇದೆಲ್ಲ ಓದಿದವರ ಮಾತು. ಅಜ್ಜಿ ಮನೆಯಲ್ಲಿ ಎರಡು ತಿಂಗಳು ಇದ್ದರೆ ಸಾಕು.

ಆಳಂದದವಳು, ಸಿಡ್ನಿ:
ಕಾಕಾ ಹೇಳಿದ್ದೇ ಸರಿ. ಹೈದರಾಬಾದಲ್ಲಿ ಇಳಿದು ಹೋಗೋದು ಸುಲಭ. ಜೂನ್ ಟಿಕೆಟ್ ಈಗಲೇ ನೋಡಿ.

ಸೇಡಂ ಹುಡುಗಿ:
ಅಕ್ಕಾ, ಕೇಳಿದೆ. ‘ಕಾಳು’ ಅಂದ್ರೆ ಡಬ್ಬಿ ತೋರಿಸಿದ. ಕಾಕಾ, ಜೂನಲ್ಲಿ ನನಗೆ ರಜೆ ಸಿಗಲ್ಲ.