ಗುಡ್ಡದ ಹಿಂದಿನ ವಿಮಾನಗಳು: ಆಂಪ್ಲಿಫೈಯರ್ ಹಾಕಲೇ, ಬೇಡವೇ?

ಮಾಳಿಗೆ, ಬಳ್ಳಾರಿ

ಎರಡು ತಿಂಗಳಿಂದ ನಮ್ಮ ಮಾಳಿಗೆಯ ಮೇಲೆ ವಿಮಾನ ಹಿಡಿಯುವ ಆಂಟೆನಾ ನಿಂತಿದೆ. ಗೊತ್ತಿಲ್ಲದವರಿಗೆ ಎರಡು ಮಾತು: ಹಾರುವ ವಿಮಾನ ತಾನು ಎಲ್ಲಿದ್ದೇನೆ, ಎಷ್ಟು ಎತ್ತರ, ಎಷ್ಟು ವೇಗ ಎಂಬುದನ್ನು ಯಾರೂ ಕೇಳದಿದ್ದರೂ 1090 ಮೆಗಾಹರ್ಟ್ಸ್‌ನ ರೇಡಿಯೋ ಅಲೆಯಲ್ಲಿ ಡಂಗುರ ಸಾರುತ್ತಲೇ ಹೋಗುತ್ತದೆ. ಅದನ್ನು ಕೇಳಿಸಿಕೊಳ್ಳುವುದಷ್ಟೇ ನಮ್ಮ ಕೆಲಸ. ಟಿವಿ ನೋಡಲೆಂದು ಹುಟ್ಟಿ, ಈಗ ಕಂಪ್ಯೂಟರಿಗೆ ಸಿಕ್ಕಿಸುವ ರೇಡಿಯೋ ಆಗಿ ಬೇರೆ ದಾರಿ ಹಿಡಿದ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್, ಹಳೆಯ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್, ವಿಮಾನದ ಸಂದೇಶ ಬಿಡಿಸಿ ಓದುವ ಡಂಪ್1090 ತಂತ್ರಾಂಶ; ಇಷ್ಟೇ ನನ್ನ ಸಂಸಾರ. ಆಂಟೆನಾದಿಂದ ಕೆಳಗಿನ ಕೋಣೆಗೆ 15 ಮೀಟರ್ ಆರ್‌ಜಿ-58 ಕೇಬಲ್ ಎಳೆದಿದ್ದೇನೆ.

ತೊಂದರೆ ಇದು. ಪೂರ್ವಕ್ಕೆ ಕರ್ನೂಲಿನವರೆಗೆ, ಅಂದರೆ 140 ಕಿಲೋಮೀಟರ್ ಬರುತ್ತದೆ. ಉತ್ತರಕ್ಕೂ ಹೆಚ್ಚುಕಡಿಮೆ ಅಷ್ಟೇ. ದಕ್ಷಿಣಕ್ಕೆ ಮಾತ್ರ ರಾಯದುರ್ಗ ದಾಟಿ ಸ್ವಲ್ಪ ದೂರ ಹೋದ ವಿಮಾನ, 80 ಕಿಲೋಮೀಟರ್ ಆಗುತ್ತಿದ್ದಂತೆ ಮಾಯ. ಆಂಪ್ಲಿಫೈಯರ್ ಹಾಕಿದರೆ ಬೆಂಗಳೂರಿನವರೆಗೆ ಕಾಣಬಹುದೇ?

ಡಿಷ್ ಅಂಗಡಿ, ಸಿರುಗುಪ್ಪ

ಹಾಕಿ ಸರ್, ಯೋಚನೆಯೇ ಬೇಡ. ಆಂಟೆನಾದ ಬುಡದಲ್ಲೇ ಆಂಪ್ಲಿಫೈಯರ್ ಇರಬೇಕು, ಕೆಳಗೆ ಕೋಣೆಯಲ್ಲಲ್ಲ. ಹದಿನೈದು ಮೀಟರ್ ಆ ತೆಳು ಕೇಬಲ್ ಎಂದರೆ ತೂತುಬಿದ್ದ ಕೊಡದಲ್ಲಿ ನೀರು ಹೊತ್ತಂತೆ. ಇಪ್ಪತ್ತು ವರ್ಷ ಡಿಷ್ ಕೂರಿಸಿದ ಅನುಭವದಿಂದ ಹೇಳುತ್ತಿದ್ದೇನೆ.

ನಿವೃತ್ತ ಮೇಷ್ಟ್ರು, ಸಂಡೂರು

ಕ್ಷಮಿಸಿ, ಮೂಲಪ್ರಶ್ನೆಯನ್ನೇ ಕೇಳುತ್ತೇನೆ. ನನ್ನ ಮೊಮ್ಮಗ ಮೊಬೈಲಿನಲ್ಲಿ ಫ್ಲೈಟ್‌ರೇಡಾರ್24 ತೆರೆದು ಜಗತ್ತಿನ ವಿಮಾನಗಳನ್ನೆಲ್ಲ ತೋರಿಸುತ್ತಾನೆ. ಮಾಳಿಗೆ ಹತ್ತಿ ತಂತಿ ಕಟ್ಟಿಕೊಂಡು ನೀವು ಕಾಣುವುದೇನು?

ಶಕ್ತಿನಗರದ ಅಕ್ಕ, ರಾಯಚೂರು

ಮೇಷ್ಟ್ರೇ, ಆ ಮೊಬೈಲಿಗೆ ವಿಮಾನಗಳು ಬರುವುದು ಬಹುಮಟ್ಟಿಗೆ ಇಂಥ ಮಾಳಿಗೆಗಳಿಂದಲೇ. ಜನ ತಮ್ಮ ಮನೆಯಲ್ಲಿ ಹಿಡಿದದ್ದನ್ನು ಅಂತರ್ಜಾಲದಲ್ಲಿ ಕಳಿಸುತ್ತಾರೆ, ಅದೆಲ್ಲ ಸೇರಿ ಆ ನಕ್ಷೆ. ಎತ್ತರದಲ್ಲಿ ಹೋಗುವ ವಿಮಾನವನ್ನು ದೂರದ ಊರಿನ ಆಂಟೆನಾವೂ ಹಿಡಿಯುತ್ತದೆ. ಆದರೆ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣಕ್ಕೆ ಇಳಿಯುವ ಸಣ್ಣ ವಿಮಾನ ಕೆಳಗೆ ಬಂದ ಮೇಲೆ ಅದನ್ನು ಕಾಣಬೇಕಾದರೆ ಆಸುಪಾಸಿನಲ್ಲೇ ಯಾರಾದರೂ ಆಂಟೆನಾ ಇಟ್ಟಿರಬೇಕು.

ಮಾಳಿಗೆಯವರೇ, ಆಂಪ್ಲಿಫೈಯರ್ ವಿಚಾರ ಆಮೇಲೆ. ನಿಮ್ಮ ದಕ್ಷಿಣಕ್ಕೆ ಏನಿದೆ?

ಮಾಳಿಗೆ, ಬಳ್ಳಾರಿ

ಕೋಟೆ ಗುಡ್ಡ.

ಶಕ್ತಿನಗರದ ಅಕ್ಕ, ರಾಯಚೂರು

ಸರಿ ಹೋಯಿತು! ಇದನ್ನು ಮೊದಲೇ ಹೇಳಬಾರದಿತ್ತೇ?

ಡಿಷ್ ಅಂಗಡಿ, ಸಿರುಗುಪ್ಪ

ಗುಡ್ಡಕ್ಕೂ ಇದಕ್ಕೂ ಏನು ಸಂಬಂಧ ಮೇಡಂ? ಗುಡ್ಡದ ಬುಡದಲ್ಲೇ ಎಷ್ಟೋ ಮನೆಗಳಿಗೆ ಡಿಷ್ ಕೂರಿಸಿದ್ದೇನೆ. ಒಂದರಲ್ಲೂ ಚಿತ್ರ ಕೆಟ್ಟಿಲ್ಲ. ವಿಮಾನವೂ ಆಕಾಶದಲ್ಲೇ ತಾನೇ ಇರುವುದು?

ಶಕ್ತಿನಗರದ ಅಕ್ಕ, ರಾಯಚೂರು

ಆಕಾಶದಲ್ಲೇ, ಆದರೆ ಆಕಾಶದ ಯಾವ ಮೂಲೆಯಲ್ಲಿ ಅಣ್ಣ? ನಿಮ್ಮ ಡಿಷ್ ನೋಡುವ ಉಪಗ್ರಹ ನೆತ್ತಿಯ ಕಡೆಗಿದೆ, ಗುಡ್ಡ ಅದಕ್ಕೆ ಅಡ್ಡ ಬರುವುದೇ ಇಲ್ಲ. 300 ಕಿಲೋಮೀಟರ್ ದೂರದಲ್ಲಿ 35,000 ಅಡಿ ಎತ್ತರದಲ್ಲಿರುವ ವಿಮಾನ ನಮ್ಮ ಕಣ್ಣಳತೆಗೆ ದಿಗಂತದಿಂದ ಒಂದು ಡಿಗ್ರಿಯಷ್ಟೇ ಮೇಲಿರುತ್ತದೆ. ಹುಣಿಸೆ ಮರವೊಂದು ಸಾಕು ಅದನ್ನು ಮರೆಮಾಡಲು. ಇನ್ನು ಕೋಟೆ ಗುಡ್ಡವನ್ನು ಕೇಳಬೇಕೇ?

ಊಹೆ ಬೇಡ, ಅಳೆಯಿರಿ. ಮಕ್ಕಳ ಜಾಮಿಟ್ರಿ ಬಾಕ್ಸಿನ ಕೋನಮಾಪಕ ತೆಗೆದುಕೊಂಡು ಅದರ ನಡುವಿನ ತೂತಿಗೆ ದಾರ ಕಟ್ಟಿ, ದಾರದ ತುದಿಗೆ ಒಂದು ನಟ್ಟು ತೂಗುಬಿಡಿ. ಆಂಟೆನಾ ಪಕ್ಕದಲ್ಲಿ ನಿಂತು ಕೋನಮಾಪಕದ ನೇರ ಅಂಚಿನಿಂದ ಗುಡ್ಡದ ತುದಿಯನ್ನು ನೋಡಿ. ದಾರ 90ರಿಂದ ಎಷ್ಟು ಸರಿಯಿತೋ ಅಷ್ಟೇ ಕೋನ. ಗಾಳಿ ಬೀಸುವಾಗ ಬೇಡ, ನಟ್ಟು ಉಯ್ಯಾಲೆಯಾಡುತ್ತದೆ.

ಆನೆಗೊಂದಿ ಕಪಿ, ಗಂಗಾವತಿ

ನಿಮಗೆ ಗುಡ್ಡ, ನಮಗೆ ಮಂಗ. ಮೂರು ಆಂಟೆನಾ ಕಿತ್ತುಹಾಕಿವೆ. ತಂತಿ ಹೊಳೆದರೆ ಸಾಕು, ಬಂದು ಬಗ್ಗಿಸಿ ನೋಡುತ್ತವೆ. ಈಗ ಉದ್ದನೆಯ ಕೊಲಿನಿಯರ್ ಆಂಟೆನಾವನ್ನು ಪಿವಿಸಿ ಪೈಪಿನೊಳಗೆ ಅಡಗಿಸಿ ನೀರಿನ ಟ್ಯಾಂಕಿನ ಪಕ್ಕ ನಿಲ್ಲಿಸಿದ್ದೇನೆ. ನಲ್ಲಿಯ ಪೈಪೆಂದು ನಂಬಿ ಆರು ತಿಂಗಳಿಂದ ಮುಟ್ಟಿಲ್ಲ. ಮನೆಗೆ ಬಂದ ಪ್ಲಂಬರನೂ ಹಾಗೆಯೇ ನಂಬಿ ಗರಗಸ ಹಿಡಿದಿದ್ದ, ಅದು ಬೇರೆ ಕಥೆ.

ಮಾಳಿಗೆ, ಬಳ್ಳಾರಿ

ಅಳೆದೆ. ಬೆಳಿಗ್ಗೆ ಆರಕ್ಕೆ ಗಾಳಿ ಇಲ್ಲದಾಗ ಮೂರು ಸಲ ನೋಡಿದೆ. ಎರಡು ಸಲ ಏಳು ಡಿಗ್ರಿ, ಒಂದು ಸಲ ಆರೂವರೆ. ಎದುರು ಮನೆಯ ಅಜ್ಜಿ ಗುಡ್ಡಕ್ಕೆ ಕೈ ಮುಗಿಯುತ್ತಿದ್ದೇನೆ ಎಂದುಕೊಂಡರು.

ಶಕ್ತಿನಗರದ ಅಕ್ಕ, ರಾಯಚೂರು

ಏಳು ಡಿಗ್ರಿ ಎಂದರೆ ಪ್ರತಿ ನೂರು ಮೀಟರ್ ದೂರಕ್ಕೆ ಹನ್ನೆರಡೂಕಾಲು ಮೀಟರಿನಷ್ಟು ಏರು. 35,000 ಅಡಿ ಎಂದರೆ 10.7 ಕಿಲೋಮೀಟರ್. ಭಾಗಿಸಿದರೆ 87, ಭೂಮಿಯ ಬಾಗುವಿಕೆಯನ್ನು ಕಳೆದರೆ 83 ಕಿಲೋಮೀಟರ್. ಅದರಾಚೆಗೆ ವಿಮಾನ ಗುಡ್ಡದ ಬೆನ್ನ ಹಿಂದೆ. ನಿಮ್ಮ ಲೆಕ್ಕ 80. ಇನ್ನು ಯಾವ ಸಾಕ್ಷಿ ಬೇಕು? ಆಂಪ್ಲಿಫೈಯರ್ ಇದ್ದ ದನಿಯನ್ನು ದೊಡ್ಡದು ಮಾಡುತ್ತದೆ. ಬಂದೇ ಇರದ ದನಿಯನ್ನು ಏನು ಮಾಡೀತು?

ಡಿಷ್ ಅಂಗಡಿ, ಸಿರುಗುಪ್ಪ

ಒಪ್ಪಿದೆ, ದಕ್ಷಿಣ ಬಿಡಿ. ಆದರೆ ಪೂರ್ವಕ್ಕೆ ಗುಡ್ಡವಿಲ್ಲವಲ್ಲ? ಅಲ್ಲಿ ಏಕೆ 140ಕ್ಕೇ ನಿಲ್ಲಬೇಕು? ಆ ಕಡೆಗೆ ನನ್ನ ಕೇಬಲ್ ಮಾತೇ ಸರಿ.

ಶಕ್ತಿನಗರದ ಅಕ್ಕ, ರಾಯಚೂರು

ಅಲ್ಲಿ ನಿಮ್ಮ ಮಾತು ಸೋಳಾಣೆ ಸರಿ. 15 ಮೀಟರ್ ಆರ್‌ಜಿ-58ರಲ್ಲಿ ಈ ಆವರ್ತನಕ್ಕೆ ಒಂಬತ್ತು ಡೆಸಿಬೆಲ್‌ನಷ್ಟು ಸೋರುತ್ತದೆ. ಆಂಟೆನಾ ಹಿಡಿದದ್ದರಲ್ಲಿ ಎಂಟನೇ ಒಂದು ಪಾಲು ಮಾತ್ರ ಡಾಂಗಲ್‌ಗೆ ತಲುಪುತ್ತದೆ. ಆದರೆ ಮದ್ದು ಆಂಪ್ಲಿಫೈಯರ್ ಅಲ್ಲ. ಕೇಬಲನ್ನೇ ಮೊಟಕುಮಾಡಿ ಡಾಂಗಲ್ಲು, ಪೈ ಎರಡನ್ನೂ ಮೇಲಕ್ಕೆ ಒಯ್ಯಿರಿ. ಕೆಳಗಿನಿಂದ ಬರಬೇಕಾದ್ದು ವಿದ್ಯುತ್ತು, ವೈಫೈ ಎರಡೇ. ಎರಡು ಮೀಟರ್ ಡಿಷ್ ಕೇಬಲ್, ಅಂದರೆ ಆರ್‌ಜಿ-6 ಸಾಕು. ಅದರ ಇಂಪಿಡೆನ್ಸ್, ಅಂದರೆ ಸಂಕೇತಕ್ಕೆ ಒಡ್ಡುವ ತಡೆ, 75 ಓಮ್, ಡಾಂಗಲಿನದು 50 ಓಮ್, ಎರಡೂ ಒಂದೇ ಇರಬೇಕು ಎಂದು ಕೆಲವರು ಹೌಹಾರುತ್ತಾರೆ. ಆ ಹೊಂದಾಣಿಕೆ ತಪ್ಪಿದ್ದಕ್ಕೆ ಆಗುವ ನಷ್ಟ ಕಾಲು ಡೆಸಿಬೆಲ್ಲೂ ಇಲ್ಲ.

ಆನೆಗೊಂದಿ ಕಪಿ, ಗಂಗಾವತಿ

ಬಳ್ಳಾರಿಯ ಮೇ ತಿಂಗಳಲ್ಲಿ ಪೈ ಮಾಳಿಗೆಯ ಮೇಲಿಟ್ಟರೆ ಹಪ್ಪಳವಾಗುತ್ತದೆ ಅಕ್ಕ. ಅದರ ಚಿಪ್ 80 ಡಿಗ್ರಿ ದಾಟಿದರೆ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಹೊರಗೇ 42 ಇದ್ದರೆ ಮುಚ್ಚಿದ ಡಬ್ಬಿಯೊಳಗೆ ಇನ್ನೆಷ್ಟು?

ಶಕ್ತಿನಗರದ ಅಕ್ಕ, ರಾಯಚೂರು

ಬಿಸಿಲಿಗೆ ಇಡಿ ಎಂದು ಯಾರು ಹೇಳಿದರು? ಮೆಟ್ಟಿಲಿನ ಮೇಲೆ ಮಾಳಿಗೆ ಬಾಗಿಲಿನ ಆ ಸಣ್ಣ ಕೋಣೆ ಇರುತ್ತದಲ್ಲ, ಹಳೆಯ ಚಾಪೆ, ಮುರಿದ ಕುರ್ಚಿ ಇಡುವುದು, ಅಲ್ಲಿ ಗೋಡೆಗೆ ಮೊಳೆ ಹೊಡೆದು ತೂಗುಹಾಕಿ. ಆಂಟೆನಾ ಆ ಕೋಣೆಯ ತಾರಸಿ ಮೇಲೆ.

ನಿವೃತ್ತ ಮೇಷ್ಟ್ರು, ಸಂಡೂರು

ಕಾನೂನಿನ ಮಾತನ್ನು ಯಾರೂ ಎತ್ತಲಿಲ್ಲ. ನಿಸ್ತಂತು ಉಪಕರಣ ಇಟ್ಟುಕೊಳ್ಳಲು ಪರವಾನಗಿ ಬೇಕೆಂದು 1933ರ ಕಾಯ್ದೆ ಹೇಳುತ್ತಿತ್ತು. ಅದರ ಮತ್ತು 1885ರ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆಂದು 2023ರಲ್ಲಿ ದೂರಸಂಪರ್ಕ ಕಾಯ್ದೆ ಬಂತು. ಕೇಳುವುದಷ್ಟೇ, ಮಾತನಾಡುವುದಿಲ್ಲ ಎಂಬ ಸಮಾಧಾನ ನಿಮ್ಮದು. ದೂರಸಂಪರ್ಕ ಇಲಾಖೆಯ ನಿಸ್ತಂತು ಯೋಜನಾ ವಿಭಾಗಕ್ಕೆ ಒಂದು ಪತ್ರ ಬರೆದು, ಬಂದ ಉತ್ತರವನ್ನು ಫೈಲಿನಲ್ಲಿ ಇಟ್ಟುಕೊಳ್ಳಿ. ಮೂವತ್ತು ವರ್ಷ ಸರ್ಕಾರಿ ಕೆಲಸ ಮಾಡಿದವನ ಮಾತು.

ಆನೆಗೊಂದಿ ಕಪಿ, ಗಂಗಾವತಿ

ಮೇಷ್ಟ್ರೇ, ಉತ್ತರ ಬರುವಷ್ಟರಲ್ಲಿ ನನ್ನ ಮಂಗಗಳು ಮುದುಕಾಗಿರುತ್ತವೆ. ಆದರೂ ಪತ್ರ ಬರೆಯುತ್ತೇನೆ.

ಮಾಳಿಗೆ, ಬಳ್ಳಾರಿ

ನಾಲ್ಕು ದಿನ ಬಿಟ್ಟು ಬಂದಿದ್ದೇನೆ. ಅಕ್ಕ ಹೇಳಿದಂತೆ ಪೈ ಮೆಟ್ಟಿಲ ಮೇಲಿನ ಕೋಣೆಗೆ ಹೋಯಿತು. ಆಂಟೆನಾವನ್ನೂ ಹೊಸದಾಗಿ ಮಾಡಿದೆ. ಮನೆ ವೈರಿಂಗಿನಲ್ಲಿ ಉಳಿದಿದ್ದ ಒಂಟಿ ಎಳೆಯ ತಾಮ್ರದ ತಂತಿ, ಕೇಬಲ್ ಸಿಕ್ಕಿಸಲು ಒಂದು ಎನ್ ಕನೆಕ್ಟರ್. 1090 ಮೆಗಾಹರ್ಟ್ಸ್‌ನ ಅಲೆ 27.5 ಸೆಂಟಿಮೀಟರ್, ಅದರ ಕಾಲು ಭಾಗ 69 ಮಿಲಿಮೀಟರ್. ನಡುವೆ ನೆಟ್ಟಗೆ ಒಂದು, ಸುತ್ತ ನಾಲ್ಕು ಕಾಲು 45 ಡಿಗ್ರಿ ಕೆಳಗೆ ಬಾಗಿದವು. ಮೊದಲ ಸಲ ಬೆಸುಗೆ ಹಾಕುವಾಗ ಶಾಖ ಹೆಚ್ಚಾಗಿ ಕನೆಕ್ಟರಿನೊಳಗಿನ ಬಿಳಿ ಪ್ಲಾಸ್ಟಿಕ್ ಕರಗಿ ತಂತಿ ವಾಲಿತು. ಎರಡನೆಯದು ನೆಟ್ಟಗೆ ನಿಂತಿದೆ. ನೋಡಲು ಬೆನ್ನಮೇಲೆ ಕಡ್ಡಿ ಚುಚ್ಚಿದ ಜೇಡನಂತಿದೆ.

ಆಮೇಲೆ ಡಿಷ್ ಅಂಗಡಿ ಅಣ್ಣನ ಮಾತಿಗೂ ಮರ್ಯಾದೆ ಕೊಟ್ಟು, ಗೆಳೆಯನ ಬಳಿಯಿದ್ದ ಆಂಪ್ಲಿಫೈಯರ್ ತಂದು ಸಿಕ್ಕಿಸಿದೆ. ಇದ್ದ ವಿಮಾನಗಳಲ್ಲಿ ಅರ್ಧ ಹೋದವು! ತೆಗೆದೆ, ಬಂದವು.

ಡಿಷ್ ಅಂಗಡಿ, ಸಿರುಗುಪ್ಪ

ಪಕ್ಕದಲ್ಲಿ ಮೊಬೈಲ್ ಟವರ್ ಇದೆಯೇ?

ಮಾಳಿಗೆ, ಬಳ್ಳಾರಿ

ಎರಡು ಮನೆ ಬಿಟ್ಟು.

ಡಿಷ್ ಅಂಗಡಿ, ಸಿರುಗುಪ್ಪ

ಹಾಗಾದರೆ ಅದೇ ಕಾರಣ. ಟವರಿನದು 900ರ ಆಸುಪಾಸು, ನಿಮ್ಮದು 1090, ನೆರೆಹೊರೆ. ಫಿಲ್ಟರ್ ಇಲ್ಲದ ಆಂಪ್ಲಿಫೈಯರ್ ಟವರಿನ ಕೂಗನ್ನೂ ಹಿಗ್ಗಿಸಿ ಡಾಂಗಲ್‌ನ ಕಿವಿ ಮುಚ್ಚಿಸಿತು. 1090 ಬಿಟ್ಟು ಉಳಿದದ್ದನ್ನು ತಡೆಯುವ ಫಿಲ್ಟರ್ ಇರುವುದನ್ನು ಹಾಕಬೇಕಿತ್ತು. ಮೊದಲೇ ಹೇಳದಿದ್ದದ್ದು ನನ್ನ ತಪ್ಪು. ಈಗ ಎಷ್ಟು ದೂರ?

ಮಾಳಿಗೆ, ಬಳ್ಳಾರಿ

ಆಂಪ್ಲಿಫೈಯರ್ ಇಲ್ಲದೆಯೇ ಪೂರ್ವಕ್ಕೆ 330. ಉತ್ತರಕ್ಕೆ ನಿನ್ನೆ ರಾತ್ರಿ ಸೊಲ್ಲಾಪುರದ ಮೇಲಿನ ವಿಮಾನ ಬಂತು. ದಕ್ಷಿಣ ಅದೇ 80. ನಕ್ಷೆ ಈಗ ಒಂದು ತುತ್ತು ಮುರಿದುಕೊಂಡ ಜೋಳದ ರೊಟ್ಟಿಯಂತಿದೆ. ಇಪ್ಪತ್ತು ಅಡಿ ಕಂಬ ನೆಟ್ಟರೆ?

ಶಕ್ತಿನಗರದ ಅಕ್ಕ, ರಾಯಚೂರು

ಒಂದು ಕಿಲೋಮೀಟರ್ ಆಚೆಗಿನ ಗುಡ್ಡದೆದುರು ಇಪ್ಪತ್ತು ಅಡಿ ಎಂದರೆ ಅರ್ಧ ಡಿಗ್ರಿಯೂ ಇಲ್ಲ. ಬಯಲಿನ ಕಡೆಗೂ ಆಂಟೆನಾ ಐದು ಮೀಟರಿನಿಂದ ಹತ್ತಕ್ಕೆ ಏರಿದರೆ ದಿಗಂತ ಸರಿಯುವುದು ನಾಲ್ಕು ಕಿಲೋಮೀಟರ್ ಮಾತ್ರ. ಅಕ್ಕಪಕ್ಕದ ಮನೆಗಳ ತಲೆ ದಾಟಿದರೆ ಸಾಕು. ಕಂಬದ ದುಡ್ಡನ್ನು ಅರ್ಥಿಂಗಿಗೆ ಹಾಕಿ. ಮುಂಗಾರಿನ ಮೊದಲ ಗುಡುಗಿಗೇ ಕೇಬಲ್ ಕಳಚಿಡುವ ರೂಢಿಯನ್ನೂ ಮಾಡಿಕೊಳ್ಳಿ.

ಡಿಷ್ ಅಂಗಡಿ, ಸಿರುಗುಪ್ಪ

ಸರ್, ಗುಡ್ಡದ ಆ ಕಡೆಗೆ ನನ್ನ ತಂಗಿಯ ಮನೆ ಇದೆ. ದಕ್ಷಿಣಕ್ಕೆ ಹೊಲವೇ ಹೊಲ, ಒಂದು ಮರವೂ ಇಲ್ಲ. ಮಾಳಿಗೆ ಖಾಲಿ, ವೈಫೈ ಇದೆ. ಅಲ್ಲೊಂದು ಇಟ್ಟು ಎರಡನ್ನೂ ಒಂದೇ ನಕ್ಷೆಗೆ ಸೇರಿಸಲು ಬರುತ್ತದೆಯೇ?

ಶಕ್ತಿನಗರದ ಅಕ್ಕ, ರಾಯಚೂರು

ಧಾರಾಳವಾಗಿ ಬರುತ್ತದೆ. ಆದರೆ ಬೆಂಗಳೂರಿನಲ್ಲಿ ಇಳಿಯುವುದನ್ನು ನೋಡುವ ಆಸೆ ಬೇಡ. 230 ಕಿಲೋಮೀಟರ್ ದೂರ. ಹನ್ನೊಂದು ಸಾವಿರ ಅಡಿಗಿಂತ ಕೆಳಗಿಳಿದ ವಿಮಾನವನ್ನು ಭೂಮಿಯೇ ಮರೆಮಾಡುತ್ತದೆ.

ಮಾಳಿಗೆ, ಬಳ್ಳಾರಿ

ಅಷ್ಟು ಕಂಡರೂ ಸಾಕು. ಅಣ್ಣ, ನಿಮ್ಮ ತಂಗಿಯವರು ಒಪ್ಪುತ್ತಾರೆಯೇ?

ಡಿಷ್ ಅಂಗಡಿ, ಸಿರುಗುಪ್ಪ

ಈಗಷ್ಟೇ ಫೋನ್ ಮಾಡಿದೆ. ನಿಮ್ಮ ಜೇಡವನ್ನು ಬೇಕಾದರೆ ತನ್ನಿ, ಆದರೆ ಮೂರು ತಿಂಗಳಿಂದ ನಮ್ಮ ಡಿಷ್ ಕೆಟ್ಟಿದೆ, ಮೊದಲು ಅದನ್ನು ಸರಿಮಾಡಿ ಎಂದಳು. ಭಾನುವಾರ ಹೋಗೋಣ. ಏಣಿ ನಾನು ತರುತ್ತೇನೆ.