ಕೈಕೆಲಸ ಗೊತ್ತು, ಗಿರಾಕಿ ಬರ್ತಿಲ್ಲ: ಶುರುವಿನ ದಿನಗಳನ್ನು ಹೇಗೆ ದಾಟಿದಿರಿ?

ಕೇಳಿದವರು

ನಾನು ಹೊಲಿಗೆ ಮಿಷನ್ ರಿಪೇರಿ ಮಾಡುತ್ತೇನೆ. ಹಿರಿಯ ಮೆಕ್ಯಾನಿಕ್ ಒಬ್ಬರ ಹತ್ತಿರ ಕಲಿತು, ಈಗ ಸ್ವಂತವಾಗಿ ಶುರು ಮಾಡಿದ್ದೇನೆ. ಕೆಲಸದ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಕೆಲವು ವಾರ ಒಂದು ಮಿಷನ್ ಕೂಡ ಬರುವುದಿಲ್ಲ. ದರ ಇಳಿಸಲಾ, ಇನ್ನೂ ಕಾಯಲಾ, ಬಿಟ್ಟೇಬಿಡಲಾ? ಇಂಥ ದಿನಗಳನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ಹೊಲಿಗೆ ಮಿಷನ್ ರಿಪೇರಿಯಲ್ಲೇ ಇರುವವರು

ಮೊದಲು ಒಂದು ಮಾತು. ಗಿರಾಕಿ ಕಡಿಮೆ ಇದ್ದ ಮಾತ್ರಕ್ಕೆ ನಿಮ್ಮ ಕೆಲಸ ಚೆನ್ನಾಗಿಲ್ಲ ಅಂತ ಅರ್ಥ ಅಲ್ಲ. ನಾವು ಜನರಿಗೆ ನೆನಪಾಗುವುದು ಮಿಷನ್ ಕೆಟ್ಟಾಗ ಮಾತ್ರ. ಇವತ್ತು ನಿಮ್ಮ ಹೆಸರು ಕೇಳಿದವರ ಮಿಷನ್ ಇವತ್ತೇ ಕೆಡುವುದಿಲ್ಲವಲ್ಲ. ಆರು ತಿಂಗಳಿಗೋ ವರ್ಷಕ್ಕೋ ಕೆಡಬಹುದು. ನೀವು ಈಗ ಮಾಡುತ್ತಿರುವ ಪ್ರಚಾರದ ಫಲ ಕಾಣುವುದು ಆಗಲೇ. ನನ್ನ ಶುರುವಿನ ಕಾಲವೂ ಹೀಗೇ ಇತ್ತು. ಬೆಳಿಗ್ಗೆ ಬಾಗಿಲು ತೆಗೆದು ಸಂಜೆವರೆಗೆ ಸುಮ್ನೆ ಕೂತು ಎದ್ದು ಬಂದ ದಿನಗಳು ಬೇಕಾದಷ್ಟಿವೆ. ಅದು ಮನಸ್ಸನ್ನು ತುಂಬಾ ಕುಗ್ಗಿಸುತ್ತದೆ, ನನಗೆ ಗೊತ್ತು.

ದರ ಇಳಿಸಬೇಡಿ. ಮಿಷನ್ ಸರಿ ಇರುವವರು ದರ ಕಡಿಮೆ ಅಂತ ರಿಪೇರಿಗೆ ತರುವುದಿಲ್ಲ. ಕೆಟ್ಟವರು ಹೇಗಿದ್ದರೂ ತರಲೇಬೇಕು. ಇಳಿಸಿದ ದರವನ್ನು ಆಮೇಲೆ ಏರಿಸುವುದು ಬಹಳ ಕಷ್ಟ.

ನನಗೆ ಹೆಚ್ಚು ಕೆಲಸ ತಂದುಕೊಟ್ಟದ್ದು ಫೋನಿನಲ್ಲಿ ಸಮಾಧಾನವಾಗಿ ಮಾತಾಡಿದ್ದು. ಮನೆಯಲ್ಲಿ ಹೊಲಿಯುವವರ ದೂರುಗಳಲ್ಲಿ ಎಷ್ಟೋ ಮಿಷನ್ ಬಿಚ್ಚದೆಯೇ ಸರಿಹೋಗುತ್ತವೆ. ಬಟ್ಟೆಯ ಅಡಿಯಲ್ಲಿ ದಾರ ಗಂಟು ಗಂಟಾಗುತ್ತಿದೆ ಅಂದರೆ ಎಲ್ಲರೂ ಕೆಳಗಿನ ದಾರ ಸುತ್ತಿಡುವ ಬಾಬಿನ್ ಮೇಲೆ ಸಂಶಯಪಡುತ್ತಾರೆ. ಹೆಚ್ಚಿನ ಸಲ ತೊಂದರೆ ಇರುವುದು ಮೇಲಿನ ದಾರದಲ್ಲಿ. ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಷರ್ ಫೂಟ್ ಕೆಳಗಿಟ್ಟುಕೊಂಡೇ ದಾರ ಪೋಣಿಸಿರುತ್ತಾರೆ. ಆಗ ದಾರ ತನ್ನನ್ನು ಬಿಗಿಯಾಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ಕೂರುವುದೇ ಇಲ್ಲ. ಫೂಟ್ ಎತ್ತಿ ಮತ್ತೆ ಪೋಣಿಸಿ ಅಂತ ಹೇಳಿದರೆ ಸಾಕು. ಹೊಲಿಗೆ ತಪ್ಪುತ್ತಿದೆ ಅಂದರೆ ಮೊದಲು ಹೊಸ ಸೂಜಿ ಹಾಕಿ ನೋಡಲು ಹೇಳಿ. ಮನೆ ಮಿಷನ್ನಿನ ಸೂಜಿಯ ಬುಡ ಸಾಮಾನ್ಯವಾಗಿ ಒಂದು ಕಡೆ ಚಪ್ಪಟೆ ಇರುತ್ತದೆ. ಅದನ್ನು ತಿರುಗುಮುರುಗಾಗಿ ಹಾಕಿರುವವರು ಎಷ್ಟೋ ಜನ. ತೆಳು ಬಟ್ಟೆಗೆ 90/14 ಸೂಜಿ ಹಾಕಿ ಬಟ್ಟೆ ಸುಕ್ಕಾಗುತ್ತಿದೆ ಅನ್ನುವವರೂ ಇದ್ದಾರೆ. ಅಲ್ಲಿ 90 ಅಂದರೆ ಸೂಜಿಯ ದಪ್ಪ 0.9 ಮಿಲಿಮೀಟರ್. ತೆಳು ಬಟ್ಟೆಗೆ 70 ಸಾಕು.

ಇದಕ್ಕೆಲ್ಲ ದುಡ್ಡು ಕೇಳಬೇಡಿ. ಬಿಟ್ಟಿ ಸಲಹೆ ಕೊಟ್ಟರೆ ನಷ್ಟ ಅಂತ ಕೆಲವರು ಅನ್ನುತ್ತಾರೆ, ನಾನು ಒಪ್ಪುವುದಿಲ್ಲ. ಬಿಚ್ಚುವ ಅಗತ್ಯ ಇಲ್ಲ ಅಂತ ಯಾರು ಹೇಳಿದರೋ ಅವರನ್ನು ಜನ ನಂಬುತ್ತಾರೆ. ಮುಂದೆ ಹುಕ್ ಟೈಮಿಂಗ್ (ಸೂಜಿಯ ದಾರ ಹಿಡಿಯುವ ಕೆಳಗಿನ ಕೊಕ್ಕೆ ಸೂಜಿಯ ಓಟಕ್ಕೆ ಹೊಂದಿಕೊಳ್ಳುವುದು) ನಿಜವಾಗಿ ತಪ್ಪಿದಾಗ ಅದೇ ಮಿಷನ್ ನಿಮ್ಮ ಹತ್ತಿರ ಬರುತ್ತದೆ. ಅಕ್ಕಪಕ್ಕದವರಿಗೂ ನಿಮ್ಮ ನಂಬರ್ ಕೊಡುತ್ತಾರೆ.

ಖಾಲಿ ದಿನಗಳಲ್ಲಿ ಕೈ ಖಾಲಿ ಬಿಡಬೇಡಿ. ಗುಜರಿಗೆ ಹೋಗುವ ಹಳೆ ಮಿಷನ್ ತಂದು ಬಿಚ್ಚಿ ಜೋಡಿಸಿ. ಸೂಜಿ ಪೂರ್ತಿ ಕೆಳಗಿಳಿದು 2 ಮಿಲಿಮೀಟರ್‌ಗಿಂತ ತುಸು ಜಾಸ್ತಿ ಮೇಲೆ ಬಂದಾಗ ಹುಕ್ಕಿನ ಮೊನೆ ಸೂಜಿ ಕಣ್ಣಿನ ಸ್ವಲ್ಪ ಮೇಲೆ ಹಾಯಬೇಕು, ಅಲ್ವಾ? ಆ ಅಳತೆ ಕೈಗೆ ಅಭ್ಯಾಸವಾಗುವವರೆಗೆ ಮಾಡಿ. ಗಿರಾಕಿ ಎದುರು ನಿಂತಾಗ ಕೈ ತಡವರಿಸದಿದ್ದರೆ ಅದೇ ದೊಡ್ಡ ಪ್ರಚಾರ.

ಇನ್ನೊಂದು. ರಿಪೇರಿ ಮಾಡಿದ ಪ್ರತಿ ಮಿಷನ್ನಿನ ಅಡಿಗೆ ಒಂದು ಚೀಟಿ ಅಂಟಿಸಿ. ತಾರೀಖು, ಮಾಡಿದ ಕೆಲಸ, ನಿಮ್ಮ ನಂಬರ್ ಇಷ್ಟಿರಲಿ. ಮುಂದಿನ ಸಲ ಕೆಟ್ಟಾಗ ಅವರು ನಂಬರ್ ಹುಡುಕುತ್ತಾ ಕೂರುವ ಹಾಗಾಗಬಾರದು.

ಕೈಗಡಿಯಾರ ರಿಪೇರಿ ಮಾಡುವವರು

ಮೇಲಿನವರ ಮಾತು ಸರಿ. ಆದರೆ ತಾಳ್ಮೆ ಒಂದೇ ಸಾಲದು, ತೊಂದರೆ ಎಲ್ಲಿದೆ ಅಂತ ನೋಡಿಕೊಳ್ಳಬೇಕು. ಒಂದು ಪುಸ್ತಕ ಇಟ್ಟುಕೊಳ್ಳಿ. ಎಷ್ಟು ಜನ ವಿಚಾರಿಸಿದರು, ಅವರಲ್ಲಿ ಎಷ್ಟು ಜನ ಕೆಲಸ ಕೊಟ್ಟರು, ಯಾರು ಹೇಳಿ ಕಳಿಸಿದರು, ಇಷ್ಟನ್ನೇ ಬರೆಯಿರಿ. ವಿಚಾರಿಸುವವರೇ ಇಲ್ಲ ಅಂದರೆ ನೀವಿರುವುದು ಜನರಿಗೆ ಗೊತ್ತಿಲ್ಲ. ವಿಚಾರಿಸಿ ಹಿಂದೆ ಹೋಗುತ್ತಿದ್ದರೆ ನೀವು ಮಾತಾಡುವ ರೀತಿಯಲ್ಲೋ ದರ ಹೇಳುವ ರೀತಿಯಲ್ಲೋ ಏನೋ ಆಗುತ್ತಿದೆ. ಮಾಡಿಕೊಟ್ಟ ಕೆಲಸವೇ ಮತ್ತೆ ಮತ್ತೆ ವಾಪಸ್ ಬಂದರೆ ಮಾತ್ರ ಕೈಕೆಲಸವನ್ನು ತಿದ್ದಿಕೊಳ್ಳಬೇಕು. ಮೂರಕ್ಕೂ ಮದ್ದು ಬೇರೆ ಬೇರೆ. ಎಲ್ಲದಕ್ಕೂ ದರ ಇಳಿಸುವುದೇ ಮದ್ದು ಅಂದುಕೊಂಡು ಒಳ್ಳೆಯ ಕೆಲಸಗಾರರು ಸೋತದ್ದನ್ನು ನೋಡಿ ನನಗೆ ನೋವಾಗಿದೆ.

ನಮ್ಮ ಕೆಲಸದಲ್ಲಿ ಇನ್ನೊಂದು ಕಷ್ಟ ಇದೆ. ಮೆಕ್ಯಾನಿಕಲ್ ವಾಚನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಕೊಟ್ಟರೆ ಅದು ಮತ್ತೆ ಬರುವುದು ಕೆಲವು ವರ್ಷಗಳ ನಂತರ. ಹಳೆ ಗಿರಾಕಿಯನ್ನೇ ನಂಬಿ ಕೂತರೆ ಆಗುವುದಿಲ್ಲ. ವಾಚ್ ಮಾರುವ ಅಂಗಡಿಗಳಲ್ಲಿ ರಿಪೇರಿ ಮಾಡದವರು ಬಹಳ ಜನ ಇರುತ್ತಾರೆ. ಅವರ ಹತ್ತಿರ ಹೋಗಿ ಕೆಲಸ ಕೇಳಿದೆ. ಲಾಭದಲ್ಲಿ ಅವರಿಗೂ ಪಾಲು ಹೋಗುತ್ತಿತ್ತು. ಆದರೆ ಕೈಗೆ ಕೆಲಸ ಸಿಕ್ಕಿತು, ಬಾಡಿಗೆ ಕಟ್ಟಲು ಆಯಿತು. ನೀವೂ ಮಿಷನ್ ಮಾರುವವರನ್ನು, ಹೊಲಿಗೆ ಕಲಿಸುವವರನ್ನು ಹೋಗಿ ಕಾಣಿ. ಹೊಲಿಗೆ ತರಗತಿಯಲ್ಲಿ ಮಿಷನ್‌ಗಳು ಇಡೀ ದಿನ ಓಡುತ್ತವೆ, ಕಲಿಯುವವರ ಕೈಯಲ್ಲಿ ಬೇಗ ಕೆಡುತ್ತವೆ.

ಖರ್ಚಿನ ವಿಷಯವನ್ನೂ ಹೇಳಿಬಿಡುತ್ತೇನೆ. ಮನೆ ನಡೆಸಲು ಬೇರೆ ಏನಾದರೂ ಅರೆಕಾಲದ ಕೆಲಸ ಇದ್ದರೆ ಬಿಡಬೇಡಿ. ಅದರಲ್ಲಿ ಅವಮಾನ ಏನೂ ಇಲ್ಲ. ಸಾಲದ ಕಂತು ತಲೆ ಮೇಲಿದ್ದರೆ ಯಾವ ಗಿರಾಕಿಗೂ ಇಲ್ಲ ಅನ್ನಲು ಆಗುವುದಿಲ್ಲ. ಕೈಲಾಗದ ಕೆಲಸ ಒಪ್ಪಿಕೊಂಡು ಹೆಸರು ಕೆಡುವುದು ಆಗಲೇ.

ಏಸಿ ಸರ್ವಿಸ್ ಮಾಡುವವರು

ನಮ್ಮದು ಸೀಸನ್ ಕೆಲಸ. ಸೆಕೆ ಇಲ್ಲದ ತಿಂಗಳುಗಳಲ್ಲಿ ಫೋನ್ ಸದ್ದೇ ಮಾಡುವುದಿಲ್ಲ. ಅದಕ್ಕೇ ವಾರ್ಷಿಕ ಒಪ್ಪಂದಗಳನ್ನು ಮಾಡಿಕೊಂಡೆ. ವರ್ಷಕ್ಕೆ ಇಷ್ಟು ಸಲ ಬಂದು ನೋಡುತ್ತೇನೆ ಅಂತ ಮಾತು. ಒಂದೊಂದೂ ಚಿಕ್ಕ ಮೊತ್ತ, ಆದರೆ ಖಾಲಿ ತಿಂಗಳಿಗೆ ಆಧಾರ. ಮಿಷನ್ ಜಾಸ್ತಿ ಇರುವ ಟೇಲರ್‌ಗಳಿಗೆ, ಚಿಕ್ಕ ಗಾರ್ಮೆಂಟ್ ಘಟಕಗಳಿಗೆ ನೀವೂ ಹೀಗೆ ಕೇಳಬಹುದು.

ಗಿರಾಕಿಯ ಕಡೆಯಿಂದ, ಒಬ್ಬ ಟೇಲರ್

ನನ್ನ ಮಿಷನ್ ನಿಂತರೆ ನನ್ನ ದುಡಿಮೆಯೂ ನಿಲ್ಲುತ್ತದೆ. ಹಾಗಾಗಿ ನಾನು ಮೆಕ್ಯಾನಿಕ್ ಹತ್ತಿರ ನೋಡುವುದು ಕಡಿಮೆ ದರ ಅಲ್ಲ, ಹೇಳಿದ ದಿನಕ್ಕೆ ಬರುತ್ತಾರಾ ಅನ್ನೋದು. ಬರಲು ಆಗದಿದ್ದರೆ ಮೊದಲೇ ಫೋನ್ ಮಾಡಿ. ಬದಲಿಸಿದ ಹಳೆ ಭಾಗವನ್ನು ನನಗೆ ತೋರಿಸಿ, ನನ್ನ ಕೈಗೇ ಕೊಡಿ. ಕೆಲಸ ಶುರು ಮಾಡುವ ಮೊದಲೇ ಖರ್ಚು ಎಷ್ಟಾಗಬಹುದು ಅಂತ ಹೇಳಿ. ಇಷ್ಟು ಮಾಡುವವರು ಸಿಕ್ಕರೆ ನಾನು ಬೇರೆಯವರನ್ನು ಹುಡುಕುವುದಿಲ್ಲ.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ದರ ಇಳಿಸುವುದಿಲ್ಲ. ಪುಸ್ತಕ, ಚೀಟಿ ಎರಡೂ ಇವತ್ತಿನಿಂದಲೇ ಶುರು. ಒಂದೇ ಒಂದು ಸಂಕೋಚ: ಹಿಂದೆ ಕೆಲಸ ಮಾಡಿಸಿದವರಿಗೆ ನಾನಾಗಿಯೇ ಫೋನ್ ಮಾಡಿದರೆ ಕೆಲಸಕ್ಕಾಗಿ ಕಾಡಿದ ಹಾಗಾಗಲ್ವಾ?

ಹೊಲಿಗೆ ಮಿಷನ್ ರಿಪೇರಿಯಲ್ಲೇ ಇರುವವರು

ಆಗಲ್ಲ, ಕೆಲಸ ಕೇಳದಿದ್ದರೆ. "ಮಿಷನ್ ಈಗ ಹೇಗೆ ಓಡ್ತಿದೆ, ಸದ್ದು ಏನಾದ್ರೂ ಬರ್ತಿದೆಯಾ?" ಅಂತ ಇಷ್ಟೇ ಕೇಳಿ. ಚೆನ್ನಾಗಿದೆ ಅಂದರೆ, ಹುಕ್ಕಿನ ಸುತ್ತ ಕೂತ ನೂಲಿನ ಧೂಳನ್ನು ಬ್ರಷ್‌ನಿಂದ ತೆಗೆಯುತ್ತಿರಿ ಅಂತ ಹೇಳಿ ಇಟ್ಟುಬಿಡಿ. ಸದ್ದು ಇದೆ ಅಂದರೆ ಹೋಗಿ ನೋಡಿ. ನೀವು ಮಾಡಿದ ಕೆಲಸದ್ದೇ ತೊಂದರೆಯಾದರೆ ದುಡ್ಡು ತೆಗೆದುಕೊಳ್ಳದೆ ಸರಿಮಾಡಿ ಬನ್ನಿ. ಕೆಲಸ ಮುಗಿದ ಎರಡು ವಾರದೊಳಗೆ ಈ ಫೋನ್ ಮಾಡಿದರೆ ಒಳ್ಳೆಯದು. ಮಧ್ಯಾಹ್ನದ ಹೊತ್ತು ಮಾಡಿ, ಟೇಲರ್‌ಗಳಿಗೆ ಸಂಜೆ ಪುರುಸೊತ್ತು ಇರುವುದಿಲ್ಲ.