ಎಡಕ್ಕೆ ಕಟ್ ಹೊಡೆದಾಗ ಒಮ್ಮೊಮ್ಮೆ ಗರಗರ ಸದ್ದು: ಸ್ಟೀರಿಂಗ್ ರ‍್ಯಾಕ್ ಬದಲಿಸಲೇಬೇಕಾ?

ಪ್ರಶ್ನೆ

ಫ್ರಂಟ್ ವೀಲ್ ಡ್ರೈವ್ ಹ್ಯಾಚ್‌ಬ್ಯಾಕ್, ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್, 85,000 ಕಿ.ಮೀ. ಓಡಿದೆ. ಎಡಕ್ಕೆ ತಿರುಗಿಸುವಾಗ ಮುಂದಿನಿಂದ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಹಾಗೆ ಗರಗರ ಸದ್ದು. ಯಾವಾಗಲೂ ಬರಲ್ಲ. ತಣ್ಣಗಿರುವ ಗಾಡಿ ತೆಗೆದಾಗ ಇರಲ್ಲ, ಸ್ವಲ್ಪ ದೂರ ಓಡಿದ ಮೇಲೆ ಶುರುವಾಗುತ್ತೆ. ಬಲಕ್ಕೆ ತಿರುಗಿಸಿದರೆ ಸದ್ದಿಲ್ಲ. ಸ್ಟೀರಿಂಗ್ ಬಿಗಿಯಾಗಿಲ್ಲ, ನಡುಕವೂ ಇಲ್ಲ, ಡ್ಯಾಶ್‌ಬೋರ್ಡಿನಲ್ಲಿ ಯಾವ ಲೈಟೂ ಉರಿದಿಲ್ಲ. ಗ್ಯಾರೇಜಿನವರು ಓಡಿಸಿದಾಗ ಸದ್ದು ಬರಲೇ ಇಲ್ಲ, ಆದರೂ ರ‍್ಯಾಕ್ (ಸ್ಟೀರಿಂಗ್ ತಿರುಗಿಸಿದ್ದನ್ನು ಚಕ್ರಗಳಿಗೆ ತಲುಪಿಸುವ ಭಾಗ) ಹೋಗಿರಬೇಕು ಅಂತಿದ್ದಾರೆ. ಅಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕೋ ಮುಂಚೆ ನಾನೇ ಏನೇನು ನೋಡಬಹುದು?

ಉತ್ತರ 1

ಸದ್ದು ಕೇಳದೆ ರ‍್ಯಾಕ್ ಬಿಚ್ಚಲು ಒಪ್ಪಬೇಡಿ. ರ‍್ಯಾಕ್ ಸವೆದರೆ ಸಾಮಾನ್ಯವಾಗಿ ಹಳ್ಳ ದಿಣ್ಣೆಯಲ್ಲಿ ಟಕಟಕ ಅನ್ನುತ್ತೆ, ಸ್ಟೀರಿಂಗ್ ಮಧ್ಯದಲ್ಲಿ ಸಡಿಲ ಅನಿಸುತ್ತೆ. ಉಜ್ಜುವ ಸದ್ದು ಅದರ ಲಕ್ಷಣವಲ್ಲ.

ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ: ಸದ್ದು ಸ್ಟೀರಿಂಗ್ ತಿರುಗಿದ್ದಕ್ಕೆ ಬರ್ತಿದೆಯೋ, ಚಕ್ರ ಉರುಳಿದ್ದಕ್ಕೆ ಬರ್ತಿದೆಯೋ? ಸದ್ದು ಬರ್ತಿರುವ ಹೊತ್ತಿಗೇ ಗಾಡಿ ನಿಲ್ಲಿಸಿ, ಎಂಜಿನ್ ಆನ್ ಇಟ್ಟು, ನಿಂತಲ್ಲೇ ಎಡ ಬಲ ಪೂರ್ತಿ ತಿರುಗಿಸಿ. ಆಗಲೂ ಬಂದರೆ ಸ್ಟ್ರಟ್ ಟಾಪ್ ಮೌಂಟ್ ಬೇರಿಂಗ್ (ಮುಂದಿನ ಸಸ್ಪೆನ್ಷನ್ ಮೇಲ್ತುದಿಯ ಬೇರಿಂಗ್), ಸ್ಟೀರಿಂಗ್ ಕಾಲಮ್ (ಸ್ಟೀರಿಂಗ್ ಚಕ್ರದಿಂದ ಕೆಳಗಿಳಿಯುವ ದಂಡ), ಅದರ ಕೆಳಗಿನ ಯೂನಿವರ್ಸಲ್ ಜಾಯಿಂಟ್ ಕಡೆ ನೋಡಬೇಕು. ಸ್ಟೀರಿಂಗ್ ಚಕ್ರದ ಹಿಂದಿನಿಂದಲೇ ಸರಸರ ಅಂದರೆ ಏರ್‌ಬ್ಯಾಗಿನ ಕ್ಲಾಕ್ ಸ್ಪ್ರಿಂಗ್, ಅಂದರೆ ಸುರುಳಿ ಸುತ್ತಿದ ವೈರ್. ನಿಂತಾಗ ಬರದೆ ಉರುಳುವಾಗ ಮಾತ್ರ ಬಂದರೆ ಇವನ್ನೆಲ್ಲ ಬಿಟ್ಟು ಚಕ್ರದ ಕಡೆ ಹೋಗಿ: ವೀಲ್ ಬೇರಿಂಗ್, ಬ್ರೇಕ್, ಸಿವಿ ಜಾಯಿಂಟ್ (ಎಂಜಿನ್ ಬಲವನ್ನು ಚಕ್ರಕ್ಕೆ ಕೊಡುವ ಕೀಲು), ಫೆಂಡರ್ ಲೈನರ್ (ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆ).

ಸದ್ದು ಚಕ್ರದ ವೇಗದ ಜೊತೆ ಏರಿಳಿಯುತ್ತಾ ಅಂತಲೂ ಗಮನಿಸಿ. ಗಾಜು ಇಳಿಸಿ ಗೋಡೆಯ ಪಕ್ಕದಲ್ಲಿ ನಿಧಾನಕ್ಕೆ ಓಡಿಸಿದರೆ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತೆ, ಯಾವ ಬದಿ ಅಂತ ಗೊತ್ತಾಗುತ್ತೆ.

ಉತ್ತರ 2

ಟಾಪ್ ಮೌಂಟ್ ಬೇರಿಂಗ್ ನೋಡೋದು ಸುಲಭ, ಅದನ್ನು ಮೊದಲು ಮುಗಿಸಿ. ಒಬ್ಬರು ಸ್ಟೀರಿಂಗನ್ನು ನಿಧಾನಕ್ಕೆ ತಿರುಗಿಸಲಿ, ನೀವು ಫೆಂಡರ್ ಒಳಗೆ ಕೈ ಚಾಚಿ ಕಾಯಿಲ್ ಸ್ಪ್ರಿಂಗಿನ ಹೊರಮೈಗೆ ಅಂಗೈ ತಾಗಿಸಿ. ಸುರುಳಿಗಳ ನಡುವೆ ಬೆರಳು ಹೋಗಬಾರದು. ಬೇರಿಂಗ್ ಸರಿಯಿದ್ದರೆ ಸ್ಪ್ರಿಂಗ್ ಸ್ಟೀರಿಂಗ್ ಜೊತೆ ನಯವಾಗಿ ತಿರುಗುತ್ತೆ. ಕೆಟ್ಟಿದ್ದರೆ ಸ್ವಲ್ಪ ತಡೆದು, ಬಿಗಿಯಾಗಿ, ಆಮೇಲೆ ಠಣ್ ಅಂತ ಒಮ್ಮೆಲೇ ಜಿಗಿಯುತ್ತೆ. ಆ ಏಟು ಕೈಗೇ ಗೊತ್ತಾಗುತ್ತೆ.

ಸಿವಿ ಜಾಯಿಂಟಿಗೆ ಖಾಲಿ ಜಾಗದಲ್ಲಿ ಫುಲ್ ಕಟ್ ಹೊಡೆದು, ಸ್ವಲ್ಪ ಆಕ್ಸಲರೇಟರ್ ಕೊಟ್ಟು ವೃತ್ತಾಕಾರದಲ್ಲಿ ಓಡಿಸಿ. ಹೋಗಿದ್ದರೆ ಕಟಕಟ ಅಂತ ಬಿಡಿಬಿಡಿಯಾಗಿ ಬರುತ್ತೆ, ಗರಗರ ಅಲ್ಲ. ಬೂಟ್ (ಜಾಯಿಂಟಿನ ರಬ್ಬರ್ ಹೊದಿಕೆ) ಹರಿದು ರಿಮ್ಮಿನ ಒಳಬದಿಗೆ ಗ್ರೀಸ್ ಚಿಮ್ಮಿದೆಯಾ ಅಂತಲೂ ನೋಡಿ.

ಹೈಡ್ರಾಲಿಕ್ ಸ್ಟೀರಿಂಗ್ ಇರುವವರು ಇದನ್ನು ಓದುತ್ತಿದ್ದರೆ: ನಿಮ್ಮಲ್ಲಿ ಮೊದಲ ಅನುಮಾನ ಆಯಿಲ್ ಮೇಲೆ. ಮಟ್ಟ ಇಳಿದಿದ್ದರೆ, ಆಯಿಲಿನಲ್ಲಿ ನೊರೆ ಕಂಡರೆ ಪಂಪು ಗಾಳಿ ಎಳೆಯುತ್ತಿದೆ. ಫುಲ್ ಕಟ್‌ನಲ್ಲಿ 5 ಸೆಕೆಂಡಿಗಿಂತ ಹೆಚ್ಚು ಹಿಡಿದಿಡಬೇಡಿ, ಪಂಪ್ ಕಾದು ಹಾಳಾಗುತ್ತೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ನಿಂತಾಗ ಎಷ್ಟು ತಿರುಗಿಸಿದರೂ ಸದ್ದಿಲ್ಲ, ಸ್ಪ್ರಿಂಗ್ ಎರಡೂ ಕಡೆ ನಯವಾಗಿದೆ. ಉರುಳುವಾಗ ಮಾತ್ರ ಬರುತ್ತೆ, ವೇಗದ ಜೊತೆ ಏರುತ್ತೆ. ಗೋಡೆ ಪಕ್ಕದಲ್ಲಿ ಕೇಳಿದರೆ ಬಲಗಡೆಯ ಮುಂದಿನ ಚಕ್ರದಿಂದ ಅಂತ ಅನಿಸುತ್ತೆ. ಆದರೆ ಸದ್ದು ಬರೋದು ಎಡಕ್ಕೆ ತಿರುಗಿಸಿದಾಗ! ಚಕ್ರ ಬಿಚ್ಚಿ ನೋಡಿದೆ, ಬ್ರೇಕ್ ಪ್ಯಾಡ್ 6 ಮಿ.ಮೀ. ದಪ್ಪ ಇದೆ. ಬ್ರೇಕ್ ಡಿಸ್ಕ್ ಹಿಂದಿನ ತಗಡಿನ ಅಂಚಿನಲ್ಲಿ ಬೆರಳಗಲದ ಒಂದು ಜಾಗ ತುಕ್ಕು ಹೋಗಿ ಪಳಪಳ ಹೊಳೆಯುತ್ತಿದೆ. ಅದನ್ನು ಹಿಂದಕ್ಕೆ ಬಗ್ಗಿಸಿಬಿಟ್ಟರೆ ಸಾಕಾ?

ಉತ್ತರ 3

ಬಗ್ಗಿಸಬೇಡಿ, ಇನ್ನೂ ಒಂದು ಪರೀಕ್ಷೆ ಬಾಕಿ ಇದೆ.

ಎಡಕ್ಕೆ ತಿರುಗಿದಾಗ ಗಾಡಿಯ ಭಾರ ಬಲ ಚಕ್ರದ ಮೇಲೆ ಬೀಳುತ್ತೆ. ಹಾಗಾಗಿ ನಿಮಗೆ ಉಲ್ಟಾ ಅನಿಸಿದ್ದು ಉಲ್ಟಾ ಅಲ್ಲ. ಆ ತಗಡು, ಅಂದರೆ ಡಸ್ಟ್ ಶೀಲ್ಡ್, ಚಕ್ರವನ್ನು ಹೊತ್ತ, ತಾನು ಉರುಳದ ಭಾಗವಾದ ನಕಲ್‌ಗೆ ಬೋಲ್ಟ್ ಆಗಿರುತ್ತೆ. ಡಿಸ್ಕ್ ಇರೋದು ಚಕ್ರದ ಜೊತೆ ಉರುಳುವ ಹಬ್ ಮೇಲೆ. ಎರಡರ ನಡುವೆ ಇರೋದು ವೀಲ್ ಬೇರಿಂಗ್. ತಗಡು ಕಲ್ಲು ಬಡಿದು ಬಗ್ಗಿದ್ದರೆ ನೇರ ಹೋಗುವಾಗಲೂ ಉಜ್ಜಬಹುದಿತ್ತು. ಭಾರ ಬಿದ್ದಾಗ ಮಾತ್ರ ಉಜ್ಜುತ್ತಿದೆ ಅಂದರೆ ಬೇರಿಂಗಿನಲ್ಲಿ ಪ್ಲೇ (ಸಡಿಲ ಆಟ) ಬಂದು ಡಿಸ್ಕ್ ಓರೆಯಾಗುತ್ತಿರುವ ಸಾಧ್ಯತೆ ಜಾಸ್ತಿ. ಓಡಿ ಕಾದ ಮೇಲೆ ಬರುವುದಕ್ಕೂ ಇದು ಹೊಂದುತ್ತೆ: ಗ್ರೀಸ್ ತೆಳುವಾದಾಗ ಸವೆದ ಬೇರಿಂಗಿನ ಸದ್ದು ಜೋರಾಗುತ್ತೆ. ಈಗ ತಗಡು ಬಗ್ಗಿಸಿದರೆ ಸದ್ದು ನಿಲ್ಲುತ್ತೆ, ಬೇರಿಂಗ್ ಸದ್ದಿಲ್ಲದೆ ಹಾಳಾಗುತ್ತಾ ಹೋಗುತ್ತೆ. ಅದು ಅಪಾಯ.

ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟು ಮುಂದಿನ ಬಲಬದಿ ಎತ್ತಿ, ಆಕ್ಸಲ್ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಬೇಡಿ. ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಅಲ್ಲಾಡಿದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ಬೇರಿಂಗ್, ಹಾಗೇ ಉಳಿದರೆ ಬಾಲ್ ಜಾಯಿಂಟ್ (ನಕಲ್ ಅನ್ನು ಸಸ್ಪೆನ್ಷನ್ ತೋಳಿಗೆ ಜೋಡಿಸುವ ಕೀಲು). 3 ಮತ್ತು 9ರಲ್ಲಿ ಮಾತ್ರ ಅಲ್ಲಾಡಿದರೆ ಟೈ ರಾಡ್ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಕಡ್ಡಿ). ಆಮೇಲೆ ಗೇರ್ ನ್ಯೂಟ್ರಲ್‌ನಲ್ಲಿಟ್ಟು ಒಂದು ಕೈಯಲ್ಲಿ ಚಕ್ರ ತಿರುಗಿಸಿ, ಇನ್ನೊಂದು ಕೈ ಸ್ಪ್ರಿಂಗ್ ಮೇಲಿರಲಿ. ಬೇರಿಂಗ್ ಒರಟಾಗಿದ್ದರೆ ಮರಳು ಸಿಕ್ಕಿದ ಹಾಗೆ ಜುಮ್ ಅನ್ನೋ ಕಂಪನ ಸ್ಪ್ರಿಂಗಿಗೆ ಬರುತ್ತೆ. ಎಡಬದಿಯನ್ನೂ ಹೀಗೇ ಮಾಡಿ ಹೋಲಿಸಿ.

ಏನೂ ಅಲ್ಲಾಡದೆ, ನಯವಾಗಿ ತಿರುಗಿದರೆ ಮಾತ್ರ ತಗಡನ್ನು ಕೈಯಿಂದ ಬಗ್ಗಿಸಿ, ಡಿಸ್ಕಿನ ಸುತ್ತ 2-3 ಮಿ.ಮೀ. ಸಂದು ಬಿಡಿ. ಜೊತೆಗೆ ಕ್ಯಾಲಿಪರ್ (ಪ್ಯಾಡ್ ಒತ್ತುವ ಭಾಗ) ಜಾರುವ ಸ್ಲೈಡ್ ಪಿನ್ ಸರಾಗವಾಗಿ ಆಡುತ್ತಾ ನೋಡಿ. ಅದು ಕಚ್ಚಿಕೊಂಡರೂ ಪ್ಯಾಡ್ ಉಜ್ಜುತ್ತೆ.

ಪ್ರಶ್ನೆ ಕೇಳಿದವರು

12-6ರಲ್ಲಿ ಬಲಚಕ್ರ ಸ್ವಲ್ಪ ಅಲ್ಲಾಡಿತು, ಬ್ರೇಕ್ ಒತ್ತಿದ ತಕ್ಷಣ ನಿಂತಿತು. ಸ್ಪ್ರಿಂಗ್ ಮೇಲೆ ಕಂಪನ ಸ್ಪಷ್ಟವಾಗಿದೆ, ಎಡಗಡೆ ಇಲ್ಲವೇ ಇಲ್ಲ. ಬೇರಿಂಗ್ ಹಾಕಿಸುವಾಗ ಏನು ಗಮನಿಸಬೇಕು?

ಉತ್ತರ 3

ಹಾಗಾದರೆ ತಡಮಾಡಬೇಡಿ, ಅಲ್ಲಿಯವರೆಗೆ ಹೈವೇ ವೇಗದಲ್ಲಿ ಓಡಿಸಬೇಡಿ.

ನಿಮ್ಮದು ಹಬ್ ಸಮೇತ ಬೋಲ್ಟ್ ಆಗುವ ಬೇರಿಂಗ್ ಆದರೆ ಕೆಲಸ ಸರಳ. ಪ್ರೆಸ್ ಮಾಡಿ ಕೂರಿಸುವ ಬೇರಿಂಗ್ ಆದರೆ ಸುತ್ತಿಗೆ ಹಿಡಿಯಲು ಬಿಡಬೇಡಿ, ಹೈಡ್ರಾಲಿಕ್ ಪ್ರೆಸ್ ಬೇಕು. ನಕಲ್ ಒಳಗೆ ತಳ್ಳುವಾಗ ಹೊರ ರೇಸ್ (ಬೇರಿಂಗಿನ ಹೊರ ಬಳೆ) ಮೇಲೆ ಒತ್ತಬೇಕು. ಹಬ್ ತೂರಿಸುವಾಗ ಒಳ ರೇಸಿಗೆ ಕೆಳಗಿನಿಂದ ಆಧಾರ ಕೊಡಬೇಕು. ಇದು ತಪ್ಪಿದರೆ ಒತ್ತಡವೆಲ್ಲ ಗುಂಡುಗಳ ಮೂಲಕ ಹಾದು ರೇಸ್ ಮೇಲೆ ಸಣ್ಣ ಕುಳಿ ಬೀಳುತ್ತೆ, ಹೊಸ ಬೇರಿಂಗೇ ಕೆಲವು ದಿನದಲ್ಲಿ ಗುಂಯ್ ಅನ್ನಲು ಶುರುಮಾಡುತ್ತೆ. ಸರ್ಕ್ಲಿಪ್ (ಬೇರಿಂಗ್ ಜಾರದಂತೆ ಹಿಡಿಯುವ ರಿಂಗ್) ತನ್ನ ತೋಡಿನಲ್ಲಿ ಪೂರ್ತಿ ಕೂತಿದೆಯಾ ನೋಡಿ.

ಕೆಲವು ಬೇರಿಂಗ್‌ಗಳ ಒಂದು ಸೀಲ್‌ನಲ್ಲೇ ಎಬಿಎಸ್‌ಗೆ ಬೇಕಾದ ಮ್ಯಾಗ್ನೆಟಿಕ್ ರಿಂಗ್ ಇರುತ್ತೆ. ಕಪ್ಪು ಅಥವಾ ಕಂದು ಬಣ್ಣದ ಆ ಮುಖ ಸೆನ್ಸರ್ ಕಡೆಗೇ ಬರಬೇಕು. ಉಲ್ಟಾ ಹಾಕಿದರೆ ಎಬಿಎಸ್ ಲೈಟ್ ಉರಿಯುತ್ತೆ, ಮತ್ತೆ ಎಲ್ಲ ಬಿಚ್ಚಬೇಕು.

ಉತ್ತರ 2

ಒಂದು ಮಾತು ಸೇರಿಸ್ತೀನಿ: ಹಬ್ ನಟ್ ಹೊಸದೇ ಹಾಕಿಸಿ, ಮ್ಯಾನ್ಯುಯಲ್‌ನಲ್ಲಿರುವ ಟಾರ್ಕಿಗೆ ಟಾರ್ಕ್ ರೆಂಚಿನಲ್ಲೇ ಬಿಗಿಸಲಿ, ಇಂಪ್ಯಾಕ್ಟ್ ಗನ್ನಿನಲ್ಲಿ ಅಲ್ಲ. ನಟ್ ಬಿಗಿಯಾಗುವ ಮುಂಚೆ ಗಾಡಿಯ ಭಾರ ಆ ಚಕ್ರದ ಮೇಲೆ ಬೀಳಲೇಬಾರದು. ಸ್ಟ್ರಟ್‌ನಿಂದ ನಕಲ್ ಬಿಚ್ಚಿದ್ದರೆ ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸಿ.